‘ಇಟ್ಟಾಗ ಚೆನ್ನಾಗೇ ಇತ್ತು!’: ಹಾಡದ ವಾಕ್‌ಮನ್‌ನ ದೋಷ ಹುಡುಕುವ ಬಗೆ

ಹಳೆಯ ವಾಕ್‌ಮನ್ ಹಿಡಿದು ಬರುವವರೆಲ್ಲ ಮೊದಲು ಹೇಳುವ ಮಾತು ಒಂದೇ: ‘ಎತ್ತಿಟ್ಟಾಗ ಚೆನ್ನಾಗೇ ಇತ್ತು.’ ನನ್ನದನ್ನು ಬಿಚ್ಚಲು ಕೂತಾಗ ನಾನೂ ಅದನ್ನೇ ಹೇಳಿಕೊಂಡಿದ್ದೆ. ಮಾತು ನಿಜವೇ ಇರಬಹುದು. ಆದರೆ ಅದನ್ನು ನಂಬಿ ದೋಷ ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ಈ ಯಂತ್ರಗಳು ಓಡಿ ಸವೆಯುವುದಕ್ಕಿಂತ ಬಿದ್ದಲ್ಲೇ ಬಿದ್ದು ಕೆಡುವುದು ಹೆಚ್ಚು. ರಬ್ಬರು ಅಂಟಾಗುತ್ತದೆ, ಗ್ರೀಸು ಗಟ್ಟಿಯಾಗುತ್ತದೆ, ಒಳಗೇ ಮರೆತ ಸೆಲ್ ಸೋರುತ್ತದೆ. ಡ್ರಾಯರಿನೊಳಗೆ ಕಳೆದ ಇಪ್ಪತ್ತು ವರ್ಷವೂ ಆ ಯಂತ್ರದ ಆಯುಷ್ಯದ ಲೆಕ್ಕಕ್ಕೇ ಸೇರುತ್ತದೆ.

ಸೋನಿ ತನ್ನ ಮೊದಲ ವಾಕ್‌ಮನ್ ಟಿಪಿಎಸ್-ಎಲ್2 ಅನ್ನು ಜಪಾನಿನಲ್ಲಿ ಮಾರಾಟಕ್ಕಿಟ್ಟದ್ದು 1979ರ ಜುಲೈ 1ರಂದು. ಇಬ್ಬರು ಒಟ್ಟಿಗೆ ಕೇಳಲೆಂದು ಅದಕ್ಕೆ ಹೆಡ್‌ಫೋನಿನ ಎರಡು ತೂತುಗಳಿದ್ದವು. ಆಮೇಲೆ ಯಾವ ಕಂಪನಿಯದಾದರೂ ಜೇಬಿನ ಕ್ಯಾಸೆಟ್ ಪ್ಲೇಯರ್ ಎಂದರೆ ಜನರ ಬಾಯಲ್ಲಿ ವಾಕ್‌ಮನ್ನೇ ಆಯಿತು. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ಒಳಗಿನ ಕಟ್ಟಣೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ದೋಷ ಹುಡುಕುವ ದಾರಿಯೂ ಒಂದೇ.

ಮೊದಲು ಒಳಗೆ ಏನು ನಡೆಯುತ್ತದೆ ಎಂದು ತಿಳಿದಿರಲಿ

ಮೋಟರ್ ಒಂದು ಸಣ್ಣ ಬೆಲ್ಟನ್ನು ಎಳೆಯುತ್ತದೆ. ಬೆಲ್ಟು ಫ್ಲೈವೀಲ್ ಎಂಬ ಭಾರದ ಚಕ್ರವನ್ನು ತಿರುಗಿಸುತ್ತದೆ. ಫ್ಲೈವೀಲಿನ ನಡುವೆ ನಿಂತ ಉಕ್ಕಿನ ತೆಳು ಕಡ್ಡಿಯೇ ಕ್ಯಾಪ್‌ಸ್ಟನ್. ಪ್ಲೇ ಒತ್ತಿದಾಗ ಪಿಂಚ್ ರೋಲರ್ ಎಂಬ ರಬ್ಬರಿನ ಗಾಲಿ ಟೇಪನ್ನು ಈ ಕಡ್ಡಿಗೆ ಒತ್ತಿ ಹಿಡಿಯುತ್ತದೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಟೇಪಿನಿಂದ ಧ್ವನಿ ಓದುವ ಹೆಡ್ಡಿನ ಮುಂದೆ ಸಾಗುವುದು ಇವೆರಡರ ಹಿಡಿತದಿಂದಲೇ. ಕ್ಯಾಸೆಟ್ಟಿನ ಚಕ್ರಗಳು ವೇಗ ನಿರ್ಧರಿಸುವುದಿಲ್ಲ. ಒಂದು ಬಿಟ್ಟುಕೊಡುತ್ತದೆ, ಇನ್ನೊಂದು ಬಂದದ್ದನ್ನು ಸುತ್ತಿಕೊಳ್ಳುತ್ತದೆ, ಅಷ್ಟೆ. ಇದೊಂದು ತಲೆಯಲ್ಲಿದ್ದರೆ ಮುಂದಿನದ್ದರಲ್ಲಿ ಮುಕ್ಕಾಲು ಪಾಲು ನಿಮಗೇ ಹೊಳೆಯುತ್ತದೆ.

ಪರೀಕ್ಷೆಗೆಂದು, ಹಾಳಾದರೂ ಆಗಲಿ ಎನ್ನುವಂಥ ಒಂದು ಕ್ಯಾಸೆಟ್ ಇಟ್ಟುಕೊಳ್ಳಿ. ಜೋಪಾನವಾಗಿ ಇಟ್ಟ ಹಳೆಯ ರೆಕಾರ್ಡಿಂಗನ್ನು ಪರೀಕ್ಷೆ ಮುಗಿಯುವವರೆಗೆ ಯಂತ್ರದ ಹತ್ತಿರವೂ ತರಬೇಡಿ. ಆಸೆ ತಡೆಯಲಾಗದೆ ಮೊದಲ ಸಲವೇ ಅದನ್ನು ಹಾಕಿ, ಟೇಪು ರೋಲರಿಗೆ ಸುತ್ತಿಕೊಂಡು ಕಣ್ಣೆದುರೇ ನೆರಿಗೆಯಾದದ್ದನ್ನು ನೋಡಿದವನ ಮಾತಿದು.

ಗುಂಡಿ ಒತ್ತಿದರೆ ಜೀವವೇ ಇಲ್ಲ

ಬಿಚ್ಚುವ ಅವಸರ ಬೇಡ. ಸೆಲ್ ಇಡುವ ಗೂಡನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಪುಡಿ ಕಂಡರೆ ಆಲ್ಕಲೈನ್ ಸೆಲ್ ಸೋರಿದೆ. ಹೊರಬಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿ ಹಾಗೆ ಪುಡಿಗಟ್ಟುತ್ತದೆ. ಅದು ಕ್ಷಾರ. ಹತ್ತಿಯ ಕಡ್ಡಿಗೆ ಒಂದು ಹನಿ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಒರೆಸಿದರೆ ನೊರೆ ಬಂದು ಕರಗುತ್ತದೆ. ಆಮೇಲೆ ನೀರು ತಾಗಿಸಿದ ಕಡ್ಡಿಯಲ್ಲಿ ಒರೆಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಒಣಗಲು ಬಿಡಿ. ಹಳೆಯ ಝಿಂಕ್-ಕಾರ್ಬನ್ ಸೆಲ್ ಸೋರಿದ್ದರೆ ಅದು ಆಮ್ಲದ ಕಡೆಯದು, ಅಲ್ಲಿ ವಿನೆಗರ್ ಉಪಯೋಗವಿಲ್ಲ, ಅಡುಗೆ ಸೋಡಾ ಬೇಕು. ಎರಡರಲ್ಲೂ ಕೈಗವಸು ಇರಲಿ, ಆ ಬೆರಳಲ್ಲಿ ಕಣ್ಣು ಮುಟ್ಟಬೇಡಿ.

ಸ್ಪ್ರಿಂಗು ಫಳಫಳ ಹೊಳೆಯಿತು, ಯಂತ್ರ ಮಾತ್ರ ಏಳಲಿಲ್ಲ. ಆಗ ಸ್ಪ್ರಿಂಗಿನಿಂದ ಒಳಗೆ ಹೋಗುವ ತಂತಿಯನ್ನು ಅನುಮಾನಿಸಿ. ಸೋರಿದ ದ್ರವ ತಂತಿಯ ಪ್ಲಾಸ್ಟಿಕ್ ಹೊದಿಕೆಯ ಒಳಗೇ ತೆವಳಿ ತಾಮ್ರವನ್ನು ಹಸಿರು ಕಿಲುಬಾಗಿಸಿರುತ್ತದೆ. ಹೊರಗಿಂದ ತಂತಿ ಚೆನ್ನಾಗೇ ಕಾಣುತ್ತದೆ. ವಿದ್ಯುತ್ ಹಾಯುತ್ತದೆಯೇ ಎಂದು ತೋರಿಸುವ ಮಲ್ಟಿಮೀಟರಿನ ಒಂದು ಮೊನೆಯನ್ನು ಸ್ಪ್ರಿಂಗಿಗೂ ಇನ್ನೊಂದನ್ನು ಬೋರ್ಡಿನ ಬೆಸುಗೆಗೂ ಮುಟ್ಟಿಸಿದರೆ ನಿಜ ಹೊರಬೀಳುತ್ತದೆ.

ಬಹಳ ಜನ ಗಮನಿಸದ ಇನ್ನೊಂದು ಜಾಗವಿದೆ: ಅಡಾಪ್ಟರ್ ಚುಚ್ಚುವ ತೂತು. ಪಿನ್ನು ಒಳಗೆ ಹೋದ ಕೂಡಲೇ ಸೆಲ್ಲಿನ ಸಂಪರ್ಕ ಕಡಿಯುವ ಸಣ್ಣ ತಗಡು ಅದರೊಳಗಿರುತ್ತದೆ. ಆ ತಗಡಿಗೆ ಮಂಕು ಹಿಡಿದರೆ, ಇಲ್ಲದ ಅಡಾಪ್ಟರ್ ಇದೆ ಎಂದುಕೊಂಡೇ ಯಂತ್ರ ಕೂತುಬಿಡುತ್ತದೆ. ಸರಿಹೊಂದುವ ಪಿನ್ನನ್ನು, ಕರೆಂಟು ಕೊಡದೆ, ಹತ್ತು ಸಲ ಚುಚ್ಚಿ ತೆಗೆಯಿರಿ. ಇಷ್ಟರಿಂದಲೇ ಜೀವ ಬಂದವುಗಳನ್ನು ನೋಡಿದ್ದೇನೆ. ಆದರೆ ಸಿಕ್ಕ 3 ವೋಲ್ಟಿನ ಅಡಾಪ್ಟರ್ ಹಾಕಿ ನೋಡುವ ಕೆಲಸ ಬೇಡ. ಕೆಲವು ಯಂತ್ರಗಳಲ್ಲಿ ನಡುವಿನ ಪಿನ್ ಧನ, ಕೆಲವದರಲ್ಲಿ ಋಣ. ತೂತಿನ ಪಕ್ಕ ಕೆತ್ತಿದ ಚಿತ್ರ ನೋಡದೆ ಚುಚ್ಚಿದರೆ ಅಲ್ಲಿಯವರೆಗೆ ಕೆಡದೆ ಉಳಿದದ್ದೂ ಕೆಡುತ್ತದೆ.

ಇವೆಲ್ಲ ಸರಿಯಿದ್ದರೆ ಪ್ಲೇ ಗುಂಡಿಯ ಕೆಳಗಿನ ಪಟ್ಟಿ ಸ್ವಿಚ್ಚು ನೋಡಿ. ಎರಡು ತಗಡಿನ ನಡುವೆ ಆಲ್ಕೊಹಾಲಿನಲ್ಲಿ ತೋಯಿಸಿದ ಕಾಗದದ ಚೂರಿಟ್ಟು ಎಳೆದರೆ ಸಾಕು. ಉಪ್ಪುಕಾಗದ ಉಜ್ಜಬೇಡಿ.

ಮೋಟರ್ ಗುಂಯ್‌ಗುಡುತ್ತದೆ, ಚಕ್ರ ತಿರುಗುವುದಿಲ್ಲ

ಇದು ಬೆಲ್ಟು. ನೂರಕ್ಕೆ ತೊಂಬತ್ತು ಎನ್ನುವ ಲೆಕ್ಕವನ್ನು ನಾನು ಕೊಡುವುದಿಲ್ಲ, ಆದರೆ ಈ ಲಕ್ಷಣ ಕಂಡಾಗ ನನ್ನ ಕೈ ಮೊದಲು ಹೋಗುವುದು ಬೆಲ್ಟಿಗೇ. ಹಿಂಬದಿಯ ಮುಚ್ಚಳ ತೆಗೆದರೆ ಮೂರರಲ್ಲಿ ಒಂದು ಕಾಣಿಸುತ್ತದೆ: ಸಡಿಲವಾಗಿ ಜೋತುಬಿದ್ದ ಬೆಲ್ಟು, ತುಂಡಾದ ಬೆಲ್ಟು, ಇಲ್ಲವೇ ಬೆಲ್ಟೇ ಇಲ್ಲದೆ ಅದಿದ್ದ ಜಾಗದಲ್ಲೆಲ್ಲ ಕರಿ ಡಾಂಬರು. ಮೂರನೆಯದ್ದು ಸಿಕ್ಕವರು ಒಳ್ಳೆಯ ಅಂಗಿ ಬಿಚ್ಚಿಟ್ಟು ಬನ್ನಿ. ಆ ಅಂಟು ಬೆರಳಿನಿಂದ ಮೇಜಿಗೆ, ಮೇಜಿನಿಂದ ಬಟ್ಟೆಗೆ ಹತ್ತುತ್ತಾ ಹೋಗುತ್ತದೆ. ಮರದ ಕಡ್ಡಿಯಿಂದ ಕೆರೆದು, ಆಲ್ಕೊಹಾಲಿನಿಂದ ಕರಗಿಸಿ, ಪುಲ್ಲಿಯ ತೋಡಿನೊಳಗಿಂದ ಕೊನೆಯ ಚುಕ್ಕೆಯನ್ನೂ ತೆಗೆಯಿರಿ. ಉಳಿದ ಒಂದು ಕಾಳು ಅಂಟು ಮುಂದೆ ಧ್ವನಿಯಲ್ಲಿ ನಡುಕವಾಗಿ ಕೇಳಿಸುತ್ತದೆ.

ಬಿಚ್ಚುವ ಮುನ್ನ ಬೆಲ್ಟು ಯಾವ ಪುಲ್ಲಿಯ ಹೊರಗೆ, ಯಾವುದರ ಒಳಗೆ ಹಾದುಹೋಗುತ್ತದೆ ಎಂದು ಫೋಟೊ ತೆಗೆಯಿರಿ. ಸ್ಕ್ರೂಗಳ ಉದ್ದ ಬೇರೆಬೇರೆ ಇರುತ್ತದೆ. ಉದ್ದದ್ದನ್ನು ಗಿಡ್ಡದ್ದರ ಜಾಗಕ್ಕೆ ತಿರುಗಿಸಿದರೆ ಬೋರ್ಡಿಗೆ ಚುಚ್ಚುತ್ತದೆ. ಹೊಸ ಬೆಲ್ಟಿನ ಅಳತೆಗೆ ಹಳೆಯದನ್ನು ನಂಬಬೇಡಿ, ಅದು ಹಿಗ್ಗಿರುತ್ತದೆ. ಪುಲ್ಲಿಗಳ ಸುತ್ತ ದಾರ ಸುತ್ತಿ ಉದ್ದ ಅಳೆದು, ಅದಕ್ಕಿಂತ ಶೇಕಡಾ 5ರಿಂದ 10ರಷ್ಟು ಗಿಡ್ಡದ್ದನ್ನು ಆರಿಸಿ. ಬಿಗಿಯಾದಷ್ಟೂ ಒಳ್ಳೆಯದು ಎಂದು ಇನ್ನೂ ಗಿಡ್ಡದ್ದು ಹಾಕಿದರೆ ಮೋಟರಿನ ಬೇರಿಂಗಿನ ಮೇಲೆ ಭಾರ ಬೀಳುತ್ತದೆ, ಸೆಲ್ಲೂ ಬೇಗ ಮುಗಿಯುತ್ತದೆ. ಚಪ್ಪಟೆ ಬೆಲ್ಟಿನ ಪುಲ್ಲಿಗೆ ಚೌಕದ ಬೆಲ್ಟು ಹೊಂದುವುದಿಲ್ಲ.

ಬೆಲ್ಟು ಸರಿಯಾಗೇ ಇದೆ, ಆದರೂ ಚಕ್ರ ತಿರುಗುತ್ತಿಲ್ಲವೆಂದರೆ ಕ್ಯಾಪ್‌ಸ್ಟನ್ನನ್ನು ಬೆರಳಿನಿಂದ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಗ್ರೀಸು ಗಟ್ಟಿಯಾಗಿದೆ. ಹಳೆಯದನ್ನು ತೊಳೆದು ಒಂದೇ ಒಂದು ಹನಿ ಹಗುರ ಎಣ್ಣೆ ಬಿಡಿ. ಎರಡನೆಯ ಹನಿ ಬೆಲ್ಟಿಗೆ ಹೋಗುತ್ತದೆ.

ಟೇಪು ತಿನ್ನುತ್ತದೆ

ಸಿಕ್ಕಿಹಾಕಿಕೊಂಡ ಟೇಪನ್ನು ಎಳೆಯಬೇಡಿ. ಮೋಟರ್ ನಿಲ್ಲಿಸಿ, ಮುಚ್ಚಳ ತೆಗೆದು ಫ್ಲೈವೀಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದರೆ ಸುತ್ತಿಕೊಂಡದ್ದು ಬಂದ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಉಳಿದದ್ದಕ್ಕೆ ಪೆನ್ಸಿಲ್ ಇದ್ದೇ ಇದೆ.

ಕಾರಣ ಸರಳ. ಕ್ಯಾಪ್‌ಸ್ಟನ್ ಟೇಪನ್ನು ಮುಂದೆ ತಳ್ಳುತ್ತಲೇ ಇರುತ್ತದೆ, ಸುತ್ತಿಕೊಳ್ಳಬೇಕಾದ ಸ್ಪಿಂಡಲ್ (ಕ್ಯಾಸೆಟ್ಟಿನ ಚಕ್ರವನ್ನು ತಿರುಗಿಸುವ ಕಡ್ಡಿ) ಸೋತಿರುತ್ತದೆ. ಹೋಗಲು ಜಾಗವಿಲ್ಲದ ಟೇಪು ರೋಲರಿಗೇ ಸುತ್ತಿಕೊಳ್ಳುತ್ತದೆ. ಪರೀಕ್ಷೆಗೆ ಕ್ಯಾಸೆಟ್ ಇಲ್ಲದೆಯೇ ಪ್ಲೇ ಒತ್ತಿ, ಸುತ್ತಿಕೊಳ್ಳುವ ಸ್ಪಿಂಡಲನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿಯಿರಿ. ಅದು ಸ್ವಲ್ಪ ಜಗ್ಗಬೇಕು, ಗಟ್ಟಿಯಾಗಿ ಹಿಡಿದರೆ ಜಾರಬೇಕು, ಬಿಟ್ಟ ಕೂಡಲೇ ಮತ್ತೆ ತಿರುಗಬೇಕು. ಮುಟ್ಟಿದ ಮಾತ್ರಕ್ಕೇ ನಿಂತರೆ ಒಳಗಿನ ಕ್ಲಚ್ಚು ಅಥವಾ ಅದನ್ನು ತಿರುಗಿಸುವ ಸಣ್ಣ ರಬ್ಬರ್ ಗಾಲಿ ಜಾರುತ್ತಿದೆ. ಸ್ಪಿಂಡಲ್ ಸರಿಯಿದ್ದರೆ ಪಿಂಚ್ ರೋಲರ್ ನೋಡಿ. ಕನ್ನಡಿಯಂತೆ ಹೊಳೆಯುವ, ಕಂದು ಪಟ್ಟಿ ಬಿದ್ದ ರೋಲರ್ ಟೇಪನ್ನು ಓರೆಯಾಗಿ ಎಳೆಯುತ್ತದೆ. ಒರೆಸಿದ ಮೇಲೂ ಹೊಳಪು ಹೋಗದಿದ್ದರೆ ಬದಲಿಸುವುದೇ ದಾರಿ.

ಇಲ್ಲಿ ನನ್ನ ಪೆದ್ದುತನವೊಂದನ್ನು ಹೇಳಿಬಿಡುತ್ತೇನೆ. ಒಂದು ಯಂತ್ರಕ್ಕೆ ಎರಡು ಸಲ ಬೆಲ್ಟು ಬದಲಿಸಿ, ಕ್ಲಚ್ಚು ಬಿಚ್ಚಿ, ಒಂದು ವಾರ ಒದ್ದಾಡಿದೆ. ಟೇಪು ತಿನ್ನುವುದು ನಿಲ್ಲಲಿಲ್ಲ. ಕಡೆಗೆ ಬೇರೊಂದು ಕ್ಯಾಸೆಟ್ ಹಾಕಿದೆ, ಸಲೀಸಾಗಿ ಓಡಿತು. ದೋಷವಿದ್ದದ್ದು ಕ್ಯಾಸೆಟ್ಟಿನಲ್ಲಿ: ಸುರುಳಿ ಬಿಗಿಯಾಗಿ ತಿರುಗಲಾರದೆ ಹೋಗಿತ್ತು. ಅದು 120 ನಿಮಿಷದ್ದು ಬೇರೆ. 60 ನಿಮಿಷದ ಕ್ಯಾಸೆಟ್ಟಿನ ಟೇಪು ಸುಮಾರು 18 ಮೈಕ್ರಾನ್ ದಪ್ಪ, 90ರದ್ದು 12, 120ರದ್ದು ಬರೀ 9. ಅಷ್ಟು ತೆಳುವಾದದ್ದು ಸುತ್ತಿಕೊಳ್ಳಲು ನೆಪ ಹುಡುಕುತ್ತಿರುತ್ತದೆ. ಒಂದೇ ಕ್ಯಾಸೆಟ್ಟಿನಲ್ಲಿ ಹೆಚ್ಚು ಹಾಡು ತುಂಬಿಸುವ ಆಸೆಗೆ ಆಗ ನಾವೆಲ್ಲ ಅದನ್ನೇ ಕೇಳಿ ಕೊಳ್ಳುತ್ತಿದ್ದೆವು. ಯಾವ ದೋಷವೇ ಇರಲಿ, ಸ್ಕ್ರೂಡ್ರೈವರ್ ಎತ್ತುವ ಮೊದಲು ಕ್ಯಾಸೆಟ್ ಬದಲಿಸಿ ನೋಡಿ.

ಧ್ವನಿ ಅಲೆಯಾಡುತ್ತದೆ

ಈ ದೋಷ ಹಿಡಿಯುವುದು ನನಗೆ ಇಷ್ಟವಾದ ಕೆಲಸ. ಕಿವಿ ಮತ್ತು ಗಡಿಯಾರ ಎರಡೇ ಸಾಕು. ಪಿಯಾನೊ ಅಥವಾ ಕೊಳಲಿನ ಉದ್ದನೆಯ ಒಂದು ಸ್ವರ ಕೇಳುತ್ತಾ ಅಲೆ ಎಷ್ಟು ಹೊತ್ತಿಗೊಮ್ಮೆ ಮರಳುತ್ತದೆ ಎಂದು ಎಣಿಸಿ.

ಟೇಪಿನ ವೇಗ ನಮಗೆ ಗೊತ್ತು. ಹಾಗಾಗಿ ತಿರುಗುವ ಪ್ರತಿಯೊಂದು ಭಾಗದ ಸುತ್ತನ್ನೂ ಲೆಕ್ಕ ಹಾಕಬಹುದು. ಕ್ಯಾಪ್‌ಸ್ಟನ್ 2 ಮಿಲಿಮೀಟರ್ ದಪ್ಪವಿದ್ದರೆ ಸೆಕೆಂಡಿಗೆ ಸುಮಾರು ಏಳೂವರೆ ಸುತ್ತು. ಪಿಂಚ್ ರೋಲರ್ 10 ಮಿಲಿಮೀಟರಿನದ್ದಾದರೆ ಸೆಕೆಂಡಿಗೆ ಒಂದೂವರೆ ಸುತ್ತು. ಟೇಪು ತುಂಬಿದ ಚಕ್ರ ಒಂದು ಸುತ್ತಿಗೆ ಮೂರು ಸೆಕೆಂಡಿಗೂ ಹೆಚ್ಚು ತೆಗೆದುಕೊಳ್ಳುತ್ತದೆ, ಖಾಲಿಯಾಗುತ್ತಾ ಬಂದದ್ದು ಒಂದೂವರೆ ಸೆಕೆಂಡು.

ಅಂದರೆ ಹಾಡುವವರು ಬಾಯಲ್ಲಿ ನೀರು ತುಂಬಿಕೊಂಡು ಗುಳುಗುಳು ಮಾಡಿದಂತೆ ಕೇಳಿದರೆ ಕ್ಯಾಪ್‌ಸ್ಟನ್ನಿನ ಮೇಲೆ ಕೊಳೆ ಕೂತಿದೆ ಅಥವಾ ಅದು ಬಾಗಿದೆ. ಸೆಕೆಂಡಿಗೆ ಒಂದೆರಡು ಸಲ ಕುಂಟಿದರೆ ಪಿಂಚ್ ರೋಲರಿನಲ್ಲಿ ತಗ್ಗು ಬಿದ್ದಿದೆ. ಪ್ಲೇ ಒತ್ತಿದ ಸ್ಥಿತಿಯಲ್ಲೇ ಸೆಲ್ ಮುಗಿದು ವರ್ಷಗಟ್ಟಲೆ ಬಿದ್ದಿದ್ದ ಯಂತ್ರಗಳಲ್ಲಿ ಇದು ಸಾಮಾನ್ಯ: ಕಡ್ಡಿ ಒತ್ತಿಕೊಂಡಿದ್ದ ಜಾಗದಲ್ಲೇ ರಬ್ಬರಿಗೆ ಗುಳಿ ಬೀಳುತ್ತದೆ. ನಿಧಾನವಾಗಿ, ಉಯ್ಯಾಲೆಯಂತೆ ತೂಗಿದರೆ ಕ್ಯಾಸೆಟ್ಟಿನ ಚಕ್ರವೇ ಎಲ್ಲೋ ಉಜ್ಜುತ್ತಿದೆ. ಖಚಿತಪಡಿಸಿಕೊಳ್ಳಲು ಅದೇ ಕ್ಯಾಸೆಟ್ಟಿನ ಶುರುವಿನಲ್ಲೂ ಕೊನೆಯಲ್ಲೂ ಎಣಿಸಿ. ಚಕ್ರದ ದೋಷವಾದರೆ ಅಲೆಯ ಅಂತರ ಬದಲಾಗುತ್ತದೆ, ರೋಲರಿನದ್ದಾದರೆ ಎಲ್ಲಿ ಕೇಳಿದರೂ ಒಂದೇ. ಯಾವ ತಾಳಕ್ಕೂ ಕೂರದೆ ಎಡವುತ್ತಿದ್ದರೆ ಬೆಲ್ಟು ಜಾರುತ್ತಿದೆ ಅಥವಾ ಸೆಲ್ ಮುಗಿಯುತ್ತಿದೆ.

ಕಂಬಳಿ ಹೊದ್ದು ಹಾಡಿದಂತಿದೆ

ಟೇಪಿನ ಸುಯ್ ಸದ್ದು ತಗ್ಗಿಸುವ ಡಾಲ್ಬಿ ಸ್ವಿಚ್ಚು ನೋಡಿ. ಡಾಲ್ಬಿ ಇಲ್ಲದೆ ತುಂಬಿದ ಕ್ಯಾಸೆಟ್ಟನ್ನು ಡಾಲ್ಬಿ ಹಾಕಿ ಕೇಳಿದರೆ ಮಂಕಾಗಿಯೇ ಕೇಳುತ್ತದೆ. ಆಮೇಲೆ ಹೆಡ್ಡನ್ನು ಆಲ್ಕೊಹಾಲಿನಲ್ಲಿ ಒರೆಸಿ. ಕಡ್ಡಿಯ ಹತ್ತಿ ಕಂದಾದಷ್ಟೂ ಖುಷಿಪಡಿ, ದೋಷ ಅಲ್ಲೇ ಇತ್ತು. ಕ್ಯಾಸೆಟ್ಟಿನೊಳಗೆ ಟೇಪನ್ನು ಹೆಡ್ಡಿಗೆ ಒತ್ತುವ ಸಣ್ಣ ಮೆತ್ತೆ ಇರುತ್ತದೆ. ಅದರ ಅಂಟು ಒಣಗಿ ಮೆತ್ತೆ ಉದುರಿಹೋಗಿದ್ದರೂ ಇದೇ ಲಕ್ಷಣ.

ಇಷ್ಟಾದರೂ ಸರಿಹೋಗದಿದ್ದರೆ ಉಳಿದದ್ದು ಹೆಡ್ಡಿನ ಓರೆ. ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ ಲಂಬವಾಗಿ ನಿಲ್ಲಬೇಕು, ಕೂದಲೆಳೆಯಷ್ಟು ವಾಲಿದರೂ ಕೀರಲು ಸ್ವರಗಳು ಮಾಯವಾಗುತ್ತವೆ. ಪಕ್ಕದ ಸ್ಪ್ರಿಂಗು ಸ್ಕ್ರೂ ತಿರುಗಿಸಿ ಅದನ್ನು ಹೊಂದಿಸುತ್ತಾರೆ. ಮೊದಲಿದ್ದ ಜಾಗ ಗುರುತು ಹಾಕಿಕೊಂಡು ಕಾಲು ಸುತ್ತಿನೊಳಗೇ ಆಡಿಸಿ. ಎಚ್ಚರವೊಂದಿದೆ: ಓರೆ ಹೆಡ್ಡಿನ ಯಂತ್ರದಲ್ಲಿ ತುಂಬಿದ ಕ್ಯಾಸೆಟ್ಟಿಗೆ ನಿಮ್ಮ ಹೆಡ್ಡನ್ನು ಹೊಂದಿಸಿದರೆ ಅದೊಂದು ಚೆನ್ನಾಗಿ ಕೇಳುತ್ತದೆ, ಉಳಿದವೆಲ್ಲ ಕಂಬಳಿ ಹೊದೆಯುತ್ತವೆ.

ಒಂದೇ ಕಿವಿಗೆ ಕೇಳುತ್ತದೆ

ಹೆಡ್‌ಫೋನ್ ಬದಲಿಸಿ ನೋಡಿ. ಆಮೇಲೆ ವಾಲ್ಯೂಮ್ ಏರಿಸಿ, ಸತ್ತ ಕಿವಿಯಲ್ಲಿ ಸಣ್ಣ ಸುಯ್ ಎನ್ನುವ ಸದ್ದು ಇದೆಯೇ ಕೇಳಿ. ಸುಯ್‌ಗುಟ್ಟಿದರೆ ಆಂಪ್ಲಿಫೈಯರ್ ಬದುಕಿದೆ, ದೋಷ ಹೆಡ್ಡಿನ ಕಡೆಗಿದೆ. ಪೂರ್ತಿ ಮೌನವೆಂದರೆ ಜ್ಯಾಕಿನ ಬೆಸುಗೆ ಬಿರುಕುಬಿಟ್ಟಿರುವ ಸಂಭವ ಹೆಚ್ಚು. ವರ್ಷಗಟ್ಟಲೆ ವೈರು ಎಳೆದಾಡಿದ್ದರ ಫಲ ಅದು, ಮರುಬೆಸುಗೆಯಿಂದ ಹೋಗುತ್ತದೆ. ಎಂಬತ್ತರ ದಶಕದ ಕೊನೆ, ತೊಂಬತ್ತರ ಶುರುವಿನ ಪುಟ್ಟ ಯಂತ್ರಗಳಲ್ಲಿ ಬೋರ್ಡಿನ ಮೇಲೆಯೇ ಕೂರಿಸಿದ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳು ಸೋರುತ್ತವೆ. ಬೆಸುಗೆ ಕಡ್ಡಿ ಮುಟ್ಟಿಸಿದಾಗ ಮೀನಿನ ವಾಸನೆ ಬಂದರೆ ಸಂಶಯವೇ ಬೇಡ, ಎಲ್ಲವನ್ನೂ ಬದಲಿಸಿ.

ಜೇಬಿನ ಸಿಡಿ ಪ್ಲೇಯರುಗಳ ಮಾತೂ ಹೆಚ್ಚು ಬೇರೆಯಲ್ಲ. ಲೆನ್ಸಿನ ಧೂಳು ಮತ್ತು ಅದು ಜಾರುವ ಹಳಿಯ ಒಣಗಿದ ಗ್ರೀಸು ಮೊದಲ ಆರೋಪಿಗಳು. ಹಳೆಯ ಎಂಪಿ3 ಪ್ಲೇಯರಿನ ಬೆನ್ನು ಉಬ್ಬಿದ್ದರೆ ಒತ್ತಬೇಡಿ, ಚಾರ್ಜಿಗೂ ಹಾಕಬೇಡಿ, ಒಳಗೆ ಲಿಥಿಯಂ ಬ್ಯಾಟರಿ ಊದಿಕೊಂಡಿದೆ. ಪೇಜರ್ ಸಿಕ್ಕಿದವರಿಗೆ ನನ್ನಲ್ಲಿ ಮದ್ದಿಲ್ಲ. ಸೆಲ್ ಹಾಕಿದರೆ ಎದ್ದು ಕೂರುತ್ತದೆ, ಗಂಟೆಯನ್ನೂ ತೋರಿಸುತ್ತದೆ. ಕರೆಯುವವರು ಇಲ್ಲ.

ಕೊನೆಗೆ, ವೇಗ

ನಡುಕ ಹೋಗಿ ಧ್ವನಿ ಸ್ಥಿರವಾಯಿತು, ಆದರೆ ಹಾಡು ‘ಒಂಥರಾ’ ಇದೆ ಅನ್ನಿಸುತ್ತದೆ. ವೇಗ ಅಳೆಯಲು 3000 ಹರ್ಟ್ಸ್ ಸದ್ದು ತುಂಬಿದ ಪರೀಕ್ಷಾ ಕ್ಯಾಸೆಟ್ ಬೇಕು, ಜೊತೆಗೆ ಆವರ್ತನ ತೋರಿಸುವ ಫೋನಿನ ಆ್ಯಪ್ ಒಂದು. ಅದೇ ಯಂತ್ರದಲ್ಲಿ ನೀವೇ ತುಂಬಿದ ಕ್ಯಾಸೆಟ್ ಪರೀಕ್ಷೆಗೆ ಬಾರದು. ಓಡುವಾಗ ಎಷ್ಟು ತಪ್ಪೋ ತುಂಬುವಾಗಲೂ ಅಷ್ಟೇ ತಪ್ಪಾಗಿ, ಒಂದನ್ನೊಂದು ಮುಚ್ಚಿಹಾಕುತ್ತವೆ. ಒಂದು ಬದಿ ಎಷ್ಟು ನಿಮಿಷ ಓಡಿತು ಎಂದು ಅಳೆಯುವುದೂ ಬೇಡ. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಟೇಪು ತುಸು ಹೆಚ್ಚೇ ತುಂಬಿರುತ್ತದೆ. ವೇಗದ ಸ್ಕ್ರೂ ಕೆಲವದರಲ್ಲಿ ಮೋಟರಿನ ಬೆನ್ನಿನ ತೂತಿನೊಳಗೆ, ಕೆಲವದರಲ್ಲಿ ಬೋರ್ಡಿನ ಮೇಲೆ ಇರುತ್ತದೆ. ಪ್ಲಾಸ್ಟಿಕ್ ಮೊನೆಯ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟೇ ತಿರುಗಿಸಿ, ನಿಂತು ಕೇಳಿ, ಮತ್ತೆ ತಿರುಗಿಸಿ.

ನನ್ನ ಪ್ಲೇಯರಿಗೆ ಹೊಸ ಬೆಲ್ಟು ಹಾಕಿ ಅಳೆದಾಗ 3110 ಬಂತು. ಸ್ಕ್ರೂವಿನ ಮೇಲೆ ಕಾರ್ಖಾನೆಯವರು ಹಚ್ಚಿದ ಬಣ್ಣದ ಚುಕ್ಕೆ ಒಡೆದಿರಲಿಲ್ಲ. ಅದನ್ನು ಒಡೆದು 3000ಕ್ಕೆ ತಂದು, ಕಾಲೇಜಿನ ದಿನಗಳಲ್ಲಿ ಸವೆಯುವಷ್ಟು ಕೇಳಿದ್ದ ಕ್ಯಾಸೆಟ್ ಹಾಕಿದೆ. ಹಾಡು ಸುಸ್ತಾದವರು ಹಾಡಿದಂತಿತ್ತು. ಎಲ್ಲೋ ತಪ್ಪಿದ್ದೇನೆ ಎಂದು ಮತ್ತೆ ಅಳೆದೆ, 3000 ಸರಿಯಾಗೇ ಇತ್ತು. ಅದೇ ಹಾಡಿನ ಡಿಜಿಟಲ್ ಪ್ರತಿಯನ್ನು ಪಕ್ಕದಲ್ಲಿಟ್ಟು ಕೇಳಿದೆ. ಶ್ರುತಿ ಕೂಡಿತು, ಮುಗಿಯುವ ಹೊತ್ತೂ ಕೂಡಿತು. ನನಗೆ ನೆನಪಿದ್ದ ಹಾಡು ಮಾತ್ರ ಎರಡಕ್ಕೂ ಕೂಡಲಿಲ್ಲ. ಅಷ್ಟು ವರ್ಷ ಅದನ್ನು ನಾನು ಅರ್ಧ ಸ್ವರದ ಅರ್ಧಕ್ಕಿಂತ ತುಸು ಹೆಚ್ಚೇ ಏರಿದ ಶ್ರುತಿಯಲ್ಲಿ ಕೇಳಿದ್ದೆ. ಐದು ನಿಮಿಷದ ಹಾಡು ಹತ್ತು ಸೆಕೆಂಡು ಬೇಗ ಮುಗಿದುಹೋಗುತ್ತಿತ್ತು. ಎತ್ತಿಟ್ಟಾಗಲೂ ಅದು ಚೆನ್ನಾಗಿರಲಿಲ್ಲ.

ಮುಚ್ಚಳದ ಒಳಮೈಯಲ್ಲಿ, ಸ್ಕ್ರೂವಿನ ತೂತಿಗೆ ಎದುರಾಗಿ, ಪೆನ್ಸಿಲಿನಿಂದ ಎರಡು ಗೀಟು ಹಾಕಿದ್ದೇನೆ. ಒಂದರ ಪಕ್ಕ 3000, ಇನ್ನೊಂದರ ಪಕ್ಕ 3110. ಸ್ಕ್ರೂ ಈಗ ಮೊದಲನೆಯದರಲ್ಲಿದೆ. ಆ ಒಂದು ಕ್ಯಾಸೆಟ್ ಕೇಳುವ ದಿನ ಮಾತ್ರ ಮುಚ್ಚಳ ಬಿಚ್ಚುತ್ತೇನೆ.